ಪುಷ್ಪರಾಜ ಅಜ್ಜಿಯನ್ನು ಮಲಗಿಸಿದ್ದು

ನನ್ನ ಮಗ ಪುಷ್ಪರಾಜನಿಗೆ ಆಗ ಮೂರು ವರ್ಷ. ಮಧ್ಯಾಹ್ನದ ನಿದ್ದೆ ಎಂದರೆ ಅವನಿಗೆ ಹರಳೆಣ್ಣೆ ಕುಡಿಸಿದ ಹಾಗೆ. ಮಡಂತ್ಯಾರಿನಲ್ಲಿ ನಮ್ಮ ಮನೆ ರಸ್ತೆ ಬದಿಗೇ ಇದ್ದದ್ದು. ಬೆಳ್ತಂಗಡಿಯ ಬಸ್ಸು ಹಾರ್ನ್ ಹೊಡೆದರೆ ಮುಗಿಯಿತು, ಜಗಲಿಗೆ ಓಟ. ಹಾಗೆ ನಿದ್ದೆ ಬಿಟ್ಟವನು ಸಂಜೆಯಾಗುವಾಗ ಕೂತಲ್ಲೇ ಉರುಳುತ್ತಿದ್ದ. ಮತ್ತೆ ಕಿವಿಯ ಹತ್ತಿರ ಡೋಲು ಬಡಿದರೂ ಏಳುವವನಲ್ಲ.

ಬೇರೆಯವರ ಮನೆಯಲ್ಲಾದರೆ ಇದೇನು ದೊಡ್ಡ ಸಂಗತಿಯಲ್ಲ. ನಾವು ಜೈನರು, ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು. ಮಗುವಿಗೆ ರಾತ್ರಿ ಹಾಲು ಕೊಡಬಹುದು ಎಂದು ನನ್ನ ಅತ್ತೆ ಅನಂತಮತಿಯವರೇ ಒಪ್ಪಿದ್ದರು. ಆದರೆ ಒಂದು ದಿನ ಮೊಮ್ಮಗ ನಿದ್ದೆಗಣ್ಣಿನಲ್ಲೇ ಬರೀ ಹಾಲು ಕುಡಿದು ಮಲಗಿದ್ದನ್ನು ನೋಡಿ ಅವರ ಕರುಳು ಚುರುಕ್ ಎಂದಿತು. "ಇನ್ನು ಮಗು ಉಣ್ಣದೆ ನಾನು ಉಣ್ಣುವುದಿಲ್ಲ" ಎಂದು ದೇವರ ಮುಂದೆ ಹೇಳಿಬಿಟ್ಟರು. ಅತ್ತೆ ಉಣ್ಣದೆ ಸೊಸೆ ಉಣ್ಣುವುದು ಹೇಗೆ? ಅಮ್ಮ, ಹೆಂಡತಿ ಇಬ್ಬರೂ ಉಪವಾಸ ಇರುವಾಗ ಗಂಡಸು ಒಬ್ಬನೇ ಎಲೆ ಹಾಕಿಕೊಂಡು ಕೂರುವುದು ಹೇಗೆ? ಒಟ್ಟಿನಲ್ಲಿ ಚೋಟುದ್ದದ ಪೋರ ಮಧ್ಯಾಹ್ನ ಮಲಗದಿದ್ದರೆ ಸಂಜೆ ಮನೆಮಂದಿಗೆಲ್ಲ ಉಪವಾಸ.

ಎರಡು ಸಂಜೆ ಹೀಗೇ ಕಳೆಯಿತು. ಮರುದಿನ ಬೆಳಿಗ್ಗೆ ಅತ್ತೆ ಗೋಡೆ ಹಿಡಿದುಕೊಂಡು ಎದ್ದರು. ನನಗೆ ಹೆದರಿಕೆಯಾಯಿತು. ಹೆದರಿಕೆಯಾದರೆ ನನಗೆ ಬರುವುದು ಸಿಟ್ಟು. ಇವತ್ತು ಇವನನ್ನು ಮಲಗಿಸಿಯೇ ಸೈ ಎಂದು ಸೆರಗು ಸಿಕ್ಕಿಸಿಕೊಂಡೆ.

ಮೊದಲು ಹೊರಟದ್ದು ನನ್ನ ಗಂಡ. ಅವರ ಹೆಸರು ನಾನು ಹೇಳುವ ಹಾಗಿಲ್ಲ, ಅಂಗಡಿಯ ಬೋರ್ಡಿನಲ್ಲಿ ನೇಮಿರಾಜ ಎಂದು ಬರೆದಿದೆ. ಮಗನನ್ನು ಎದೆಯ ಮೇಲೆ ಹಾಕಿಕೊಂಡು ಬೆನ್ನು ತಟ್ಟಿದರು. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು. ಗೆದ್ದೆವು ಎಂದು ಇಣುಕಿದರೆ, ಗೊರಕೆ ಅಪ್ಪನದು. ಮಗ ಅಪ್ಪನ ಮೂಗಿನೊಳಗೆ ಹುಣಸೆ ಬೀಜ ಹೋಗುತ್ತದೋ ಎಂದು ಅಳತೆ ನೋಡುತ್ತಿದ್ದ.

ಬೀಜ ಕಿತ್ತುಕೊಂಡು ಅವನನ್ನು ಅತ್ತೆಯ ಚಾಪೆಯ ಮೇಲೆ ಮಲಗಿಸಿದೆ. ಅವರು ಕಥೆ ಸುರು ಮಾಡಿದರು. ರಾಜ ಕಾಡಿಗೆ ಹೋಗುವಷ್ಟರಲ್ಲಿ ಅತ್ತೆಯ ಮಾತು ತೊದಲಿತು.

"ಆಮೇಲೆ ಅಜ್ಜಿ?" ಎಂದು ಇವನು ಅವರ ಕಣ್ಣಿನ ರೆಪ್ಪೆ ಎತ್ತಿ ನೋಡಿದ.

ನನ್ನ ತಾಳ್ಮೆ ಹಾರಿಹೋಯಿತು. "ನೀನು ಮಲಗುವುದೇ ಬೇಡ ಮಾರಾಯ! ಅಜ್ಜಿಯನ್ನಾದರೂ ಮಲಗಿಸು, ನೋಡುವ!" ಎಂದೆ.

ಸಿಟ್ಟಿನಲ್ಲಿ ಹೇಳಿದ್ದನ್ನು ಅವನು ನಿಜ ಮಾಡಿಕೊಂಡ. ಅಜ್ಜಿಯ ಪಕ್ಕದಲ್ಲಿ ಕೂತು ತೋಳು ತಟ್ಟತೊಡಗಿದ. ಅತ್ತೆ ಕಾಲು ಆಡಿಸಿದರೆ "ಶ್, ಗುಮ್ಮ ಬರ್ತದೆ!" ಬಸ್ಸಿನ ಹಾರ್ನ್ ಕೇಳಿದರೆ "ಬಸ್ಸಿಲ್ಲ, ಏನಿಲ್ಲ, ಕಣ್ಣು ಮುಚ್ಚು!" ನಾವು ಅವನಿಗೆ ಹೇಳಿದ ಸುಳ್ಳುಗಳನ್ನೆಲ್ಲ ಒಂದೂ ಬಿಡದೆ ಅಜ್ಜಿಗೆ ಒಪ್ಪಿಸಿದ. ಬಸ್ಸು ಹೋಯಿತು, ಇವನು ಏಳಲಿಲ್ಲ. ತಟ್ಟುವ ಕೈ ನಿಧಾನವಾಯಿತು, ತಲೆ ಅಜ್ಜಿಯ ಹೊಟ್ಟೆಗೆ ವಾಲಿತು. ನಾನು ಸಂತೋಷಕ್ಕೆ ಬಾಗಿಲಿಗೊರಗಿ ಕೂತೆ. ಕೂತದ್ದೇ ತಪ್ಪಾಯಿತು.

"ಅಮ್ಮಾ, ಹಸಿವು!"

ಕಣ್ಣು ಬಿಟ್ಟರೆ ಅಂಗಳದ ಬಿಸಿಲೆಲ್ಲ ಹಳದಿಯಾಗಿತ್ತು. ಬೆಳಗ್ಗಿನ ಅನ್ನವಿತ್ತು, ಅವಸರದಲ್ಲಿ ಸಾರಿಗೆ ನೀರಿಟ್ಟು ಕುದಿಸಿದೆ. ಗಂಡ ಅಂಗಳದಲ್ಲಿ ನಿಂತು ಕೂಗುತ್ತಿದ್ದರು, "ಹೊತ್ತು ತೆಂಗಿನ ಗರಿಗೆ ಇಳಿಯಿತು! ಬೇಗ!"

ಅತ್ತೆ ತುತ್ತು ಕಲಸಿ ಮೊಮ್ಮಗನ ಬಾಯಿಯ ಹತ್ತಿರ ಹಿಡಿದರು. ಅವನು ಬಾಯಿ ಬಿಗಿದ. ಅಜ್ಜಿಯನ್ನು ಮಲಗಿಸಿ ಯಜಮಾನನಾಗಿದ್ದನಲ್ಲ!

"ಅಜ್ಜಿ ಉಣ್ಣದೆ ನಾನು ಉಣ್ಣುವುದಿಲ್ಲ."

ಎರಡು ದಿನದಿಂದ ಅತ್ತೆಯ ಬಾಯಲ್ಲಿ ಕೇಳಿದ್ದ ಮಾತದು, ಸ್ವರವೂ ಅವರದೇ.

"ನೀನು ಉಣ್ಣು ಮಗಾ, ಮತ್ತೆ ನಾನು ಉಣ್ತೇನೆ."

"ಇಲ್ಲ. ಅಜ್ಜಿ ಮೊದಲು."

"ಅರ್ಧ ಮುಳುಗಿತು!" ಅಂಗಳದಿಂದ ಕೂಗು.

ಅತ್ತೆ ದೇವರ ಕೋಣೆಯ ಕಡೆ ನೋಡಿದರು. ಆಮೇಲೆ ಮೊಮ್ಮಗನ ಬಿಗಿದ ತುಟಿ ನೋಡಿದರು. ಈ ಜನ್ಮದಲ್ಲಿ ಅವರು ಆಡಿದ ಮಾತಿಗೆ ತಪ್ಪಿದ್ದನ್ನು ನಾನು ಕಂಡಿರಲಿಲ್ಲ. ಅವರು ಬಾಯಿ ತೆರೆದರು. ಪುಷ್ಪರಾಜ ಮುಷ್ಟಿ ತುಂಬ ಅನ್ನ ತೆಗೆದು, "ಆ... ಗುಬ್ಬಿಯ ತುತ್ತು" ಎಂದು ತುರುಕಿದ. ಅರ್ಧ ಬಾಯಿಗೆ, ಅರ್ಧ ಗಲ್ಲಕ್ಕೆ. ಮತ್ತೆ ತಾನೂ ಬಾಯಿ ಬಿಟ್ಟ.

ಬಡಿಸಲು ನಿಂತಿದ್ದ ನನ್ನ ಕಣ್ಣು ಮಂಜಾಯಿತು. ಎರಡು ದಿನದಿಂದ ಮನಸ್ಸಿನಲ್ಲೇ ಬೈದದ್ದೆಲ್ಲ ಕರಗಿ, ಈ ಮುದುಕಿಯ ಮೇಲೆ ನನಗೆ ಪ್ರೀತಿ ಉಕ್ಕಿತು.

"ಏನು ನೋಡುವುದು, ಪದ್ಮಲತಾ? ನೀನೂ ಕೂತುಕೋ. ಹೊತ್ತು ಕಾಯುತ್ತದಾ?" ಎಂದರು ಅತ್ತೆ, ಬಾಯಿ ತುಂಬ ಅನ್ನ ಇಟ್ಟುಕೊಂಡೇ.

ಗಂಡನೂ ಓಡಿ ಬಂದರು. ಮದುವೆಯಾಗಿ ಬಂದ ಮೇಲೆ ನಾನು ಅತ್ತೆಯ ಪಕ್ಕದಲ್ಲಿ ಕೂತು ಉಂಡದ್ದು ಅದೇ ಮೊದಲು. ಸಾರಿಗೆ ಉಪ್ಪೇ ಬಿದ್ದಿರಲಿಲ್ಲ. ಅತ್ತೆ ಅದನ್ನು ಹೇಳಿದ್ದು ಮರುದಿನ.