ಹಾಡಿಗೆ ಮುಂಚಿನ ಅರ್ಧ ನಿಮಿಷ

ವಿಶ್ವಾಸನ ಹೆಂಡತಿ ತ್ರಿವೇಣಿ ಏಪ್ರಿಲ್ ಬಿಸಿಲಿನಲ್ಲಿ ಕಮಲಾಪುರದ ತವರಿಗೆ ಹೋದವಳು, ಮಳೆಗಾಲ ಮುಗಿದು ಹೊಲಗಳಲ್ಲಿ ತೊಗರಿ ಹೂ ಬಿಟ್ಟರೂ ಬಂದಿರಲಿಲ್ಲ. ಕಲಬುರಗಿಯಿಂದ ಕಮಲಾಪುರವೇನು ಪರದೇಶವೇ? ಬಸ್ಸಿನಲ್ಲಿ ಕೂತು ಒಂದು ಕೋಳಿನಿದ್ದೆ ತೆಗೆಯುವುದರೊಳಗೆ ಬರುವ ಊರು. ಅಷ್ಟು ಹತ್ತಿರದವಳು ಬರುತ್ತಿಲ್ಲವೆಂದರೆ ಮನಸ್ಸಿಲ್ಲವೆಂದೇ ಅರ್ಥ ಎಂದು ಅವನು ತೀರ್ಮಾನಿಸಿಕೊಂಡು ಕೂತಿದ್ದ. ಹೀಗೆ ಒಬ್ಬನೇ ಕೂತು ತೀರ್ಮಾನಿಸಿಕೊಳ್ಳುವುದರಲ್ಲಿ ಅವನದು ಎತ್ತಿದ ಕೈ.

ಅವಳು ಬಾರದಿದ್ದರೂ ಅವಳ ಹಾಡು ಬರುತ್ತಿತ್ತು. ಈಗ ಅದೂ ಕೈಕೊಡತೊಡಗಿತ್ತು.

ಭಾನುವಾರ ಬೆಳಿಗ್ಗೆ ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯ ಮಾಳಿಗೆಯ ಮೇಲಿನ ತನ್ನ ಕೋಣೆಯಲ್ಲಿ, ಕಿಟಕಿಗೆ ಕೌದಿ ಕಟ್ಟಿ, ಫ್ಯಾನ್ ಆರಿಸಿ, ಲ್ಯಾಪ್‌ಟಾಪಿನ ಮುಂದೆ ಅವನು ಬೆವರುತ್ತಿದ್ದ. ಗೋಡೆಗೆ ಒರಗಿಸಿದ ಎರಡು ಗಾದಿ, ಒಂದು ಮೈಕು, ಒಂದು ಜೊತೆ ಹೆಡ್‌ಫೋನು, ಇಷ್ಟೇ ಅವನ ಸ್ಟುಡಿಯೋ. ಹಲಗಿ, ಢೋಲಕಿಯ ತಾಳ ಕಟ್ಟುವುದಕ್ಕೆ ಎಫ್‌ಎಲ್ ಸ್ಟುಡಿಯೋ ಎಂಬ ಸಾಫ್ಟ್‌ವೇರು. ದನಿಯನ್ನು ತೊಳೆದು ತಾಳದ ಜೊತೆ ಹದವಾಗಿ ಬೆರೆಸುವುದಕ್ಕೆ ರೀಪರ್ ಎಂಬ ಇನ್ನೊಂದು. ಕಮಲಾಪುರದಲ್ಲಿ ತ್ರಿವೇಣಿ ಹಾಡಿ ತುಂಬುವುದು ಫೋನಿನ ಬ್ಯಾಂಡ್‌ಲ್ಯಾಬ್ ಎಂಬ ಆ್ಯಪಿನಲ್ಲಿ. ಮೂರೂ ಮಾಡುವುದು ಒಂದೇ ಕೆಲಸವಾದರೂ ಒಂದು ಕಟ್ಟಿದ್ದನ್ನು ಇನ್ನೊಂದು ಬಿಚ್ಚಿ ನೋಡಲಾರದು. ಇದರಲ್ಲಿ ಆದದ್ದನ್ನು ಬರೀ ಸದ್ದಾಗಿ ಹೊರತೆಗೆದು, ಅದರೊಳಗೆ ಇಳಿಸಿ, ಶುರುವಿಗೆ ಶುರು ಕೂಡಿಸಬೇಕು. ಅಂತೂ ಮೂರು ಮನೆಯ ಒಲೆಯ ಮೇಲೆ ಒಂದು ಅಡುಗೆ.

ಅಡುಗೆ ಕೆಟ್ಟಿತ್ತು. ತ್ರಿವೇಣಿ ಕೊಡದೊಳಗೆ ಬಾಯಿಟ್ಟು ಹಾಡಿದಂತೆ ಕೇಳುತ್ತಿತ್ತು. ಆ ತುಂಬು ದನಿಯ ಹೊಟ್ಟೆಯನ್ನೇ ಯಾರೋ ತೋಡಿ ತೆಗೆದಿದ್ದರು. ಈಚೆಗೆ ಹಾಡಿನಿಂದ ಹಾಡಿಗೆ ದನಿ ಹೀಗೆ ಬಡವಾಗುತ್ತಲೇ ಬಂದಿತ್ತು. ಫೋನಿನ ಮೈಕು ಸರಿಯಿಲ್ಲವೆಂದು ಇಷ್ಟು ದಿನ ಸುಮ್ಮನಿದ್ದ. ಈ ಸಲ ಮಾತ್ರ ಸಂಕಟವಾಯಿತು. ಮನೆಯಲ್ಲಿ ಅವಳದೆಂದು ಉಳಿದದ್ದು ಆ ದನಿಯೊಂದೇ.

ಅವಳು ಹೋದದ್ದಕ್ಕೂ ಹಾಡೇ ಕಾರಣ. ಏಪ್ರಿಲ್ ಜಯಂತಿಯ ಮೆರವಣಿಗೆಗೆಂದು ವಿಶ್ವಾಸ ಒಂದು ಹಾಡು ಕಟ್ಟಿ ತ್ರಿವೇಣಿಯಿಂದ ಹಾಡಿಸಿದ್ದ. ಆಮೇಲೆ ಮೆರವಣಿಗೆಗೆ ಪಳಗಿದ ದನಿಯೇ ಬೇಕೆಂದು ಯಾರೋ ಹೇಳಿದರೆಂದು, ಆರ್ಕೆಸ್ಟ್ರಾದಲ್ಲಿ ಹಾಡುವ ಒಬ್ಬಾಕೆಯನ್ನು ಕರೆಸಿ ಅದನ್ನೇ ಮತ್ತೆ ಹಾಡಿಸಿ, ಹೆಂಡತಿಯ ದನಿ ತೆಗೆದು ಆಕೆಯದನ್ನು ಕೂರಿಸಿದ. ತ್ರಿವೇಣಿಗೆ ಒಂದು ಮಾತು ಹೇಳಲಿಲ್ಲ. ನೂರಾರು ಜನರ ನಡುವೆ, ಬಿಳಿ ಸೀರೆ ಉಟ್ಟು ನಿಂತು, ಡಿಜೆ ಗಾಡಿಯಿಂದ ತನ್ನ ಹಾಡು ಇನ್ನೊಬ್ಬಳ ಬಾಯಲ್ಲಿ ಬರುವುದನ್ನು ಅವಳು ಕೇಳಿಸಿಕೊಂಡಳು. ಅವಳು ಜಗಳಾಡಲಿಲ್ಲ. ಅವ್ವನಿಗೆ ಮೈಯಲ್ಲಿ ಆರಾಮಿಲ್ಲವೆಂದು ಹೇಳಿ ಎರಡು ದಿನದಲ್ಲಿ ಬಸ್ಸು ಹತ್ತಿದಳು.

ಮುನಿಸಿಕೊಂಡು ತವರಿಗೆ ಹೋದ ಹೆಂಡತಿಯನ್ನು ಗಂಡ ಹೋಗಿ ಕರೆಯಬೇಕು. ಕರೆಯದೆ ತಾನಾಗಿ ಬಂದರೆ ಅವಳ ಮುನಿಸಿಗೆ ಬೆಲೆಯೇ ಇಲ್ಲವೆಂದಾಗುತ್ತದೆ. ಇದು ವಿಶ್ವಾಸನಿಗೆ ಗೊತ್ತಿಲ್ಲದ್ದಲ್ಲ. ಆದರೆ ಅವಳು ಜಗಳಾಡಿ ಹೋದವಳಲ್ಲವಲ್ಲ, ಅವ್ವನ ಆರೈಕೆಗೆ ಹೋದವಳು, ಆರೈಕೆ ಮುಗಿದ ಮೇಲೆ ಬರಲಿ ಎಂದು ವಕೀಲರ ಹಾಗೆ ತನ್ನ ಪರ ತಾನೇ ವಾದ ಮಾಡಿಕೊಂಡ. ಕ್ಷಮೆ ಕೇಳುವ ಬಾಯಿ ಅವನಿಗಿರಲಿಲ್ಲ. ಅದರ ಬದಲು ಜೂನಿನಲ್ಲಿ ಒಂದು ಹೊಸ ಹಾಡಿನ ತಾಳ ಕಟ್ಟಿ ಅವಳ ಫೋನಿಗೆ ಕಳಿಸಿದ. ಅವಳು ಹಾಡಿ ತಿರುಗಿ ಕಳಿಸಿದಳು. ಅಲ್ಲಿಂದ ಅದೇ ಅವರ ಸಂಸಾರವಾಯಿತು. ಫೋನಿನಲ್ಲಿ ಮಾತೆಂದರೆ ಊಟ ಆಯಿತೇ, ಅತ್ತಿ ಹ್ಯಾಂಗದಾರ, ಇಷ್ಟೇ. ಕಮಲಾಪುರದ ಮನೆ ಇರುವುದೇ ಒಂದು ಪಡಸಾಲೆ. ಅಲ್ಲಿ ಆಡಿದ ಮಾತು ಎಲ್ಲರ ಕಿವಿಗೂ ಬೀಳುತ್ತಿತ್ತು. ಹಾಡಬೇಕಾದರೆ ತ್ರಿವೇಣಿ ಮಧ್ಯಾಹ್ನದ ಹೊತ್ತು ಓಣಿಯ ಬುದ್ಧವಿಹಾರದ ಕೀಲಿ ಇಸಿದುಕೊಂಡು, ಒಳಗೆ ಒಬ್ಬಳೇ ಕೂತು ಹಾಡುತ್ತಿದ್ದಳು.

ವಿಶ್ವಾಸ ಅವಳಿಗೆ ಒಂದು ನಿಯಮ ಹಾಕಿಕೊಟ್ಟಿದ್ದ. ಹಾಡು ಶುರುವಾಗುವ ಮುಂಚೆ ಅರ್ಧ ನಿಮಿಷ ಸುಮ್ಮನೆ ಕೂತಿರಬೇಕು. ಆ ಖಾಲಿ ಕೋಣೆಯ ಸದ್ದೂ ರೆಕಾರ್ಡ್ ಆಗಬೇಕು. ಅದನ್ನು ರೀಪರಿಗೆ ತೋರಿಸಿ, ‘ಇದು ಬೇಡದ ಸದ್ದು, ಹಾಡಿನಲ್ಲಿ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ತೆಗೆ’ ಎಂದರೆ ಅದು ತೆಗೆದುಬಿಡುತ್ತದೆ. ಕೆಲಸವಾದ ಮೇಲೆ ಅರ್ಧ ನಿಮಿಷವನ್ನು ಕತ್ತರಿಸಿ ಎಸೆಯುವುದು. ಇದೆಲ್ಲವನ್ನೂ ಅವನು ಕಣ್ಣಿನಿಂದಲೇ ಮಾಡುತ್ತಿದ್ದ, ಕಿವಿ ಹಚ್ಚುತ್ತಿರಲಿಲ್ಲ. ಕಪನೂರಿನ ಬೇಳೆ ಮಿಲ್ಲಿನಲ್ಲಿ ದಿನವಿಡೀ ಯಂತ್ರಗಳ ನಡುವೆ ನಿಂತು ಬಂದವನಿಗೆ, ಹಾಡಿಲ್ಲದ ಜಾಗದಲ್ಲೂ ಕಿವಿಗೊಟ್ಟು ಕೂರುವಷ್ಟು ತಾಳ್ಮೆ ಎಲ್ಲಿಯದು? ಪರದೆಯ ಮೇಲೆ ಗೆರೆ ಸಣ್ಣಗಿದ್ದರೆ ಅದು ಖಾಲಿ. ನಡುನಡುವೆ ಕೊಂಚ ಏರಿಳಿತ ಕಂಡರೆ ಬೀದಿಯ ಟಮ್‌ಟಮ್ ಆಟೋವೋ, ಹುಡುಗರ ಗದ್ದಲವೋ ಇದ್ದೀತು ಎಂದುಕೊಂಡು ಮುಂದೆ ಹೋಗುತ್ತಿದ್ದ.

ಅವತ್ತು ಮಧ್ಯಾಹ್ನದ ತನಕ ಅವನು ಮಾಡದ ಕಸರತ್ತಿಲ್ಲ. ಒಂದು ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ ದಾಟಿಸುವಾಗಲೇ ಏನೋ ಎಡವಟ್ಟಾಗಿದೆ ಎಂದು ಮತ್ತೆ ಮತ್ತೆ ಹೊರತೆಗೆದು ಮತ್ತೆ ಮತ್ತೆ ಇಳಿಸಿದ. ಕೊಡದೊಳಗಿನ ಹೆಂಡತಿ ಹೊರಗೆ ಬರಲಿಲ್ಲ. ಕೊನೆಗೆ ಲ್ಯಾಪ್‌ಟಾಪ್ ಚೀಲಕ್ಕೆ ತುರುಕಿಕೊಂಡು ಗೆಳೆಯ ನದೀಮನ ಹತ್ತಿರ ಹೋದ. ಕೋಟೆಯ ಕಡೆಯ ಒಂದು ಗಲ್ಲಿಯಲ್ಲಿ ನದೀಮನದು ಮದುವೆ ವಿಡಿಯೋ ಜೋಡಿಸುವ ಅಂಗಡಿ.

ನದೀಮ ಹಾಡು ಕೇಳಿ ಮುಖ ಕಿವುಚಿದ. “ಭಾಯ್, ಭಾಬಿದು ದನಿ ಇದಲ್ಲ. ಏನು ಮಾಡೀದಿ ಇದಕ್ಕ?”

“ನಾ ಏನೂ ಮಾಡಿಲ್ಲೋ. ಮೂರು ಸಾಫ್ಟ್‌ವೇರ್ ಒಂದಕ್ಕೊಂದು ಕೂಡವಲ್ವು.”

“ಅವು ಕೂಡ್ಯಾವ, ತಾಳ ಬರೋಬ್ಬರಿ ಅದ. ಸದ್ದು ತೆಗಿ ಅಂತ ಅದಕ್ಕ ಯಾವ ತುಕಡಾ ತೋರಿಸಿದಿ?”

“ಶುರುವಿಂದು. ಅರ್ಧ ನಿಮಿಷ ಖಾಲಿ ಅದ.”

“ಖಾಲಿ ಅದಂತ ಕೇಳಿ ನೋಡೀದಿ ಏನು?”

“ಖಾಲಿ ಇದ್ದದ್ದು ಏನು ಕೇಳೋದು? ಕಾಣ್ತದಲ್ಲ.”

ನದೀಮ ತೊಳೆಯದ ಮೂಲ ಫೈಲನ್ನು ಹುಡುಕಿ ತೆಗೆದು ಹೆಡ್‌ಫೋನು ಕಿವಿಗೆ ಏರಿಸಿಕೊಂಡ. ಸ್ವಲ್ಪ ಹೊತ್ತಾಗಿರಲಿಲ್ಲ, ತಟ್ಟನೆ ನಿಲ್ಲಿಸಿದ. ಹೆಡ್‌ಫೋನು ತೆಗೆದು ಗೆಳೆಯನ ಕೈಗೆ ಕೊಟ್ಟ. “ಇದು ನಾ ಕೇಳೋದಲ್ಲ. ನೀನೇ ಕೇಳು,” ಎಂದವನು ಚಹಾ ಹೇಳಿ ಬರುವ ನೆವ ಮಾಡಿಕೊಂಡು ಹೊರಗೆ ಹೋದ.

ವಿಶ್ವಾಸ ಕೇಳಿದ. ವಿಹಾರದ ಖಾಲಿ ಕೋಣೆಯಲ್ಲಿ ತ್ರಿವೇಣಿ ಮೆಲ್ಲಗೆ, ಬಾಯಿಯ ಹತ್ತಿರ ಫೋನು ಹಿಡಿದು ಮಾತಾಡುತ್ತಿದ್ದಳು.

“ಕೇಳಾಕತ್ತೀರೇನ್ರೀ... ಸುಮ್ನ ಕೂಡು ಅಂತೀರಿ, ನನಗ ಸುಮ್ನ ಕೂಡಾಕ ಎಲ್ಲಿ ಆಗ್ತದ. ಫೋನ್ ಹಚ್ಚಿದ್ರ ನೀವು ನಡುವ ಬಾಯಿ ಹಾಕ್ತೀರಿ. ಅದಕ್ಕ ಇಲ್ಲೇ ಹೇಳ್ತೀನಿ, ಯಾವಾಗಿನಂಗ. ಹೋದ ಸಲ ಹೇಳಿದ್ದಕ್ಕ ನೀವು ಏನೂ ಅನ್ಲಿಲ್ಲ. ಇರ್ಲಿ. ಕೇಳಿದ್ರಲ್ಲ, ಅಷ್ಟು ಸಾಕು. ಅವ್ವ ಈಗ ಆರಾಮ ಆಗ್ಯಾಳ. ಒಂದ್ಸಲ ಬಂದು ಕರೀರಿ. ಕರದ್ರ ಬರ್ತೀನಿ... ಹಾಂ, ತಾಳ ಬಂತು.”

ಆಮೇಲೆ ಹಾಡು. ಗುಡಿಸದ, ತೊಳೆಯದ ದನಿ ತುಂಬಿಕೊಂಡು ಬಂತು. ಯಂತ್ರದ ತಪ್ಪೇನಿರಲಿಲ್ಲ. ಅವಳ ಮಾತನ್ನು ಮುಂದಿಟ್ಟು, ಇದು ಬೇಡದ ಸದ್ದು ಎಂದು ತೋರಿಸಿಕೊಟ್ಟವನು ಅವನೇ. ಅದು ಹೇಳಿದಷ್ಟು ಮಾಡಿತ್ತು. ಅವಳು ಹೆಚ್ಚು ಹೆಚ್ಚು ಮಾತಾಡಿದಂತೆಲ್ಲ ಹಾಡಿನಿಂದ ಅವಳ ದನಿಯನ್ನು ಹೆಚ್ಚು ಹೆಚ್ಚು ತೆಗೆಯುತ್ತ ಹೋಗಿತ್ತು.

‘ಯಾವಾಗಿನಂಗ’ ಎಂದಿದ್ದಳಲ್ಲ! ನದೀಮ ತಂದ ಚಹಾ ಹಾಗೇ ಬಿಟ್ಟು ಮನೆಗೆ ಓಡಿದ. ಹಳೆಯ ಹಾಡುಗಳ ಮೂಲ ಫೈಲುಗಳಿಗಾಗಿ ಲ್ಯಾಪ್‌ಟಾಪು ಜಾಲಾಡಿದ, ಫೋನು ಜಾಲಾಡಿದ, ಪೆನ್‌ಡ್ರೈವು ಜಾಲಾಡಿದ. ಜಾಗ ಸಾಲದೆಂದು, ಒಂದು ಹಾಡು ಮುಗಿದ ಕೂಡಲೇ ಮೂಲವನ್ನು ಅಳಿಸಿಹಾಕುವುದು ಅವನ ಶಿಸ್ತು. ಆ ಶಿಸ್ತಿಗೆ ಬೆಂಕಿ ಬೀಳಲಿ. ಜೂನಿನಿಂದ ಅವಳು ಏನೇನು ಹೇಳಿದ್ದಳೋ, ನಕ್ಕಿದ್ದಳೋ, ಅತ್ತಿದ್ದಳೋ, ಒಂದು ಚೂರೂ ಉಳಿದಿರಲಿಲ್ಲ. ಕೌದಿ ಕಟ್ಟಿದ ಕತ್ತಲೆ ಕೋಣೆಯಲ್ಲಿ ಅವನು ಬಿಕ್ಕಿ ಬಿಕ್ಕಿ ಅತ್ತ. ಆಮೇಲೆ ಮಿಲ್ಲಿಗೆ ಫೋನು ಮಾಡಿ ನಾಳೆ ರಜೆ ಎಂದು ಹೇಳಿದ.

ಮರುದಿನ ಬಸ್ಸಿನುದ್ದಕ್ಕೂ ಅವನು ಒಂದೇ ಮಾತನ್ನು ಉರು ಹೊಡೆದ. ಮೊದಲು ನಿಜ ಹೇಳಿಬಿಡಬೇಕು. ನಾ ಕೇಳಿರಲಿಲ್ಲ ತ್ರಿವೇಣಿ, ಕೇಳಿದ್ದರೆ ಅವತ್ತೇ ಬರುತ್ತಿದ್ದೆ. ಇಷ್ಟು ಹೇಳಿದರೆ ತನ್ನ ತಪ್ಪು ಅರ್ಧ ಇಳಿಯುತ್ತದೆ ಎಂಬ ಆಸೆಯೂ ಇತ್ತು. ಕಮಲಾಪುರದಲ್ಲಿ ಇಳಿದಾಗ ಬಂಡಿಗಳ ಮೇಲೆ ಕೆಂಪು ಬಾಳೆಯ ಗೊನೆಗಳು ತೂಗುತ್ತಿದ್ದವು. ಬರಿಗೈಲಿ ಹೋಗಬಾರದೆಂದು ಒಂದು ಚಿಪ್ಪು ಕಟ್ಟಿಸಿಕೊಂಡ.

ಅತ್ತೆ ಪುತಳಾಬಾಯಿ ಹೊಸ್ತಿಲಲ್ಲೇ ಸಿಕ್ಕಳು. “ಬರ್ರಿ ಅಳಿಯಂದ್ರ. ದಾರಿ ಈಗ ನೆನಪಾತೇನು?” ಎಂದು ಕುಟುಕಿ, ಕುಟುಕಿದ ಬಾಯಲ್ಲೇ ಒಳಗೆ ಚಹಾಕ್ಕಿಡಲು ಹೇಳಿದಳು.

ತ್ರಿವೇಣಿ ಒಳಗಿನಿಂದ ಬಂದು ಕಂಬಕ್ಕೆ ಒರಗಿ ನಿಂತಳು. ಸೊರಗಿದ್ದಳು. ವಿಶ್ವಾಸನಿಗೆ ಉರು ಹೊಡೆದದ್ದೆಲ್ಲ ಮರೆತುಹೋಯಿತು. “ಕರ್ಯಾಕ ಬಂದೀನಿ,” ಎಂದಷ್ಟೇ ಅಂದ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಬಟ್ಟೆ ತುಂಬಿಕೊಳ್ಳಲು ಹೋದಳು.

ಊಟ ಮುಗಿಸಿ ಇಬ್ಬರೂ ಬಸ್‌ಸ್ಟ್ಯಾಂಡಿನ ಕಡೆ ಹೊರಟರು. ಓಣಿ ದಾಟಿದ ಮೇಲೆ ವಿಶ್ವಾಸ ಧೈರ್ಯ ಮಾಡಿದ. “ತ್ರಿವೇಣಿ, ನಿನಗೊಂದು ಹೇಳಬೇಕು. ನೀ ಶುರುವಿನ್ಯಾಗ ಮಾತಾಡ್ತಿದ್ದಿಯಲ್ಲ, ಅದು...”

“ಬ್ಯಾಡ್ರಿ,” ಎಂದಳು ಅವಳು. “ಅದಕ್ಕೆಲ್ಲ ಈಗ ಜವಾಬು ಹೇಳಾಕ ಹೋಗಬ್ಯಾಡ್ರಿ. ನೀವು ಒಮ್ಮಿನೂ ನಡುವ ಬಾಯಿ ಹಾಕ್ದೆ ಕೇಳಿದ್ರಲ್ಲ, ಮದುವಿ ಆದಾಗಿಂದ ಹಂಗ ಯಾವಾಗ ಕೇಳಿದ್ರಿ ಹೇಳ್ರಿ? ಮನಿ ತುಂಬ ಮಂದಿ ಇದ್ರೂ ಇಲ್ಲಿ ನಾ ಒಬ್ಬಾಕೇ ಇದ್ದೆ. ವಿಹಾರದಾಗ ಕುಂತು ಮಾತಾಡೋ ಮುಂದ ಅಷ್ಟೇ, ನನ್ನ ಜೋಡಿ ಒಬ್ರು ಅದಾರ ಅನಸ್ತಿತ್ತು. ಅದ್ರ ಮ್ಯಾಲೇ ದಿನಾ ತಳ್ಳೀನಿ.”

ವಿಶ್ವಾಸ ಮನಸ್ಸಿನಲ್ಲೇ ಲೆಕ್ಕ ಹಾಕಿದ. ನಿಜ ಹೇಳಿದರೆ ತನ್ನ ತಪ್ಪು ಇಳಿಯುತ್ತದೋ ಇಲ್ಲವೋ, ಅವಳ ಜೊತೆಗಿದ್ದ ಆ ಒಬ್ಬನೂ ಸತ್ತುಹೋಗುತ್ತಾನೆ. ಅಷ್ಟು ತಿಂಗಳು ಅವಳು ಗೋಡೆಯ ಮುಂದೆ ಮಾತಾಡಿದಳೆಂದಾಗುತ್ತದೆ. ಅವನು ಅವಳ ಕೈಯಿಂದ ಚೀಲ ಇಸಿದುಕೊಂಡು ಮುಂದೆ ನಡೆದ.

ಬಸ್ಸಿನಲ್ಲಿ ಕಿಟಕಿಯ ಸೀಟು ಅವಳಿಗೆ ಬಿಟ್ಟ. ಊರು ದಾಟಿದ ಮೇಲೆ, ಸುಮ್ಮನೆ ಕೇಳಿದವನ ಹಾಗೆ ಕೇಳಿದ: “ಹಳೇ ರೆಕಾರ್ಡಿಂಗ್ ನಿನ್ನ ಫೋನಿನಾಗ ಅದಾವೇನು?”

“ಎಲ್ಲಿದ್ವು. ಮನಿಯಾಗ ಎಲ್ಲಾರೂ ಫೋನ್ ಮುಟ್ತಾರ ಅಂತ ಕಳಿಸಿದ ಕೂಡ್ಲೇ ಅಳಿಸ್ತಿದ್ದೆ. ನಿಮ್ಮ ಬಲ್ಲಿ ಅದಾವಲ್ಲ?”

“ಹೂಂ.”

ತ್ರಿವೇಣಿ ಹೊರಗಿನ ತೊಗರಿ ಹೊಲದ ಕಡೆ ಮುಖ ತಿರುಗಿಸಿದಳು. ಆಮೇಲೆ ದನಿ ತಗ್ಗಿಸಿ, “ಒಂದು ಕೇಳ್ತೀನಿ, ಖರೇ ಹೇಳ್ರಿ,” ಎಂದಳು. “ಮಳಿ ಹತ್ತಿದ ದಿನಾ ನಾ ಹೇಳಿದ್ನಲ್ಲ, ಅದನ್ನ ಅವ್ವಗೂ ಹೇಳಿಲ್ಲ, ನಿಮಗ ಒಬ್ಬರಿಗೇ ಹೇಳೀನಿ. ಮತ್ತೊಮ್ಮಿ ಬಾಯಿಲೆ ಆಡಾಕ ನನ್ನ ಕಡಿಂದ ಆಗಂಗಿಲ್ಲ. ಅದನ್ನ ಕೇಳಿ ನಿಮಗ ನನ್ನ ಮ್ಯಾಲ ಸಿಟ್ಟು ಬರ್ಲಿಲ್ಲೇನ್ರೀ?”

ಬಸ್ಸು ಗುಂಡಿಗಿಳಿದು ಎದ್ದಿತು. ಯಾವ ಮಳೆ, ಯಾವ ದಿನ, ಏನು ಹೇಳಿದ್ದಳು? ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಕಣ್ಣಲ್ಲಿ ನೀರಿತ್ತು, ಹೆದರಿಕೆಯೂ ಇತ್ತು.

“ಇಲ್ಲ,” ಎಂದ ವಿಶ್ವಾಸ. “ಸಿಟ್ಟು ಬರ್ಲಿಲ್ಲ.”

“ಖರೇನಾ?”

“ಖರೇ.”

ಅವಳು ಉಸಿರು ಬಿಟ್ಟು ಅವನ ಹೆಗಲಿಗೆ ತಲೆಯಾನಿಸಿದಳು. ಎಷ್ಟೋ ದಿನದ ನಿದ್ದೆ ಇತ್ತೋ ಏನೋ, ಕಪನೂರು ಬರುವ ಮೊದಲೇ ಅವಳಿಗೆ ಗಾಢ ನಿದ್ದೆ ಹತ್ತಿತು. ಅವನು ಅವಳಿಗೆ ಎಚ್ಚರವಾಗದಂತೆ ಅಲುಗಾಡದೆ ಕೂತ. ಹೆಂಡತಿ ಹೆಗಲ ಮೇಲೇ ಇದ್ದಳು. ಅವನಿಗೆ ಮಾತ್ರ ಜೊತೆಗೆ ಯಾರೂ ಇರಲಿಲ್ಲ.