ಗೊಟ್ಟಿಗೆರೆಯ ಏಕಾದಶಿ

ಬನ್ನೇರುಘಟ್ಟದ ರಸ್ತೆ ಎಂದರೆ ನನಗೆ ಈಗಲೂ ಆಗಿಬರುವುದಿಲ್ಲ. ಹೆಂಡತಿ ದೇವಸ್ಥಾನಕ್ಕೆ ಹೋಗಿಬರೋಣ ಎಂದರೆ ಏನಾದರೊಂದು ನೆಪ ಹೇಳುತ್ತೇನೆ. ನೆಪ ಹೇಳುವುದರಲ್ಲಿ ನಾನು ಮೊದಲಿನಿಂದಲೂ ಗಟ್ಟಿಗ.

ಅರವತ್ತೆರಡನೆಯ ಇಸವಿಯಲ್ಲಿ ನಾನೂ ಬೈರಣ್ಣನೂ ಒಂದೇ ಆಫೀಸಿನಲ್ಲಿ ಗುಮಾಸ್ತರು. ನಾನು ಜಯನಗರದ ಬ್ರಾಹ್ಮಣ, ಅವನು ಗೊಟ್ಟಿಗೆರೆಯ ಒಕ್ಕಲಿಗ. ನನ್ನ ಡಬ್ಬಿಯ ಪುಳಿಯೋಗರೆಯಲ್ಲಿ ಅವನಿಗೆ ಪಾಲು ಇದ್ದೇ ಇರುತ್ತಿತ್ತು. ಅವನ ಡಬ್ಬಿಗೆ ಮಾತ್ರ ನಾನು ಕೈ ಹಾಕುತ್ತಿರಲಿಲ್ಲ, ಹೊಟ್ಟೆ ತುಂಬಿದೆ ಅನ್ನುತ್ತಿದ್ದೆ. ಆದರೂ ಜಾತಿಗೀತಿ ಎಲ್ಲ ಸುಳ್ಳು ಎಂದು ಆಫೀಸಿಗೆಲ್ಲ ಕೇಳುವಂತೆ ಭಾಷಣ ಬಿಗಿಯುತ್ತಿದ್ದವನು ನಾನೇ. ಪಾಪ, ಬೈರಣ್ಣ ಅದನ್ನು ನಂಬಿದ್ದ.

"ಭಾನುವಾರ ಬಾ ಅನಂತು," ಅಂದ ಒಂದು ದಿನ. "ನಮ್ ದಾರೀಲಿ ಏನೇನ್ ಸಿಗುತ್ತೋ ಎಲ್ಲಾ ತಿನ್ಸಿ ಕುಡ್ಸಿ ಕರ್ಕೊಂಡ್ ಹೋಗ್ತೀನಿ. ಮಧ್ಯಾಹ್ನದ ಊಟ ನಮ್ಮವ್ವನ ಕೈಯ್ದು."

ಜನವರಿಯ ಚಳಿಯಲ್ಲಿ ಎರಡು ಸೈಕಲ್ ಹೊರಟವು. ಬನ್ನೇರುಘಟ್ಟದ ರಸ್ತೆ ರಾಜರ ಕಾಲದ ಗಾಡಿದಾರಿ. ದಂಡು ನಡೆದದ್ದು, ಸಂತೆಯ ಗಾಡಿಗಳು ಬಿಡಾರ ಹೂಡುತ್ತಿದ್ದ ಕಲ್ಲುಮಂಟಪ, ಎಲ್ಲದಕ್ಕೂ ಬೈರಣ್ಣನ ಹತ್ತಿರ ಒಂದೊಂದು ಕತೆ ಇತ್ತು. ಮಂಟಪದಲ್ಲಿ ಕೂತು ಸುಟ್ಟ ಕಡಲೆಕಾಯಿ ತಿಂದೆವು. ಒಂದು ತೋಟದಲ್ಲಿ ಕರಿದ್ರಾಕ್ಷಿ ಗೊಂಚಲು ಕಿತ್ತುಕೊಟ್ಟರು. ಹುಳಿಮಾವು ದಾಟಿದ ಮೇಲೆ ಈಚಲು ತೋಪು ಬಂತು. ಚಿಕ್ಕಬೈರಪ್ಪ ಎಂಬಾತ ಕದ್ದುಮುಚ್ಚಿ ಇಳಿಸುತ್ತಿದ್ದ ಹೆಂಡವನ್ನು ಸೋರೆಬುರುಡೆಯಲ್ಲಿ ಕೊಟ್ಟ. ಸಿಹಿ, ಹುಳಿ, ನೊರೆನೊರೆ. ನಾನು ಎರಡು ಬುರುಡೆ ಇಳಿಸಿದೆ. ನಮ್ಮಮ್ಮ ಚೂಡಾಮಣಿ ನೋಡಿದ್ದರೆ ಗತಿಯೇನು ಎಂದು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಷ್ಟು ಖುಷಿಯಾಗಿ ನಾನು ಆಮೇಲೆ ಎಂದೂ ನಕ್ಕಿಲ್ಲ.

ಮನೆಯಲ್ಲಿ ಅವನ ತಾಯಿ ಸೊಣ್ಣಮ್ಮ ಬಾಗಿಲಲ್ಲೇ ಕಾಯುತ್ತಿದ್ದರು. ನನಗೋಸ್ಕರ ಹಿಂದಿನ ದಿನವೆಲ್ಲ ಕೂತು ನೆನೆಸಿದ ಅವರೆಕಾಳು ಹಿತಕಿದ್ದರಂತೆ. ಹೆಬ್ಬೆರಳ ಉಗುರು ಇನ್ನೂ ಕಪ್ಪಾಗಿತ್ತು. ಎಲೆ ಹಾಕಿ, ಮುದ್ದೆ ಇಟ್ಟು, ಹಿತಕಿದ ಬೇಳೆ ಸಾರು ಬಿಟ್ಟು, ಮೇಲೆ ತುಪ್ಪ ಸುರಿದು, "ಉಣ್ಣಿ ಸ್ವಾಮಿ" ಅಂದರು.

ಸೊಗಡಿನ ಪರಿಮಳಕ್ಕೆ ಬಾಯಲ್ಲಿ ನೀರೂರಿತು. ಕೈ ಮಾತ್ರ ಏಳಲಿಲ್ಲ. ಕಡಲೆಕಾಯಿ, ಹಣ್ಣು, ಹೆಂಡ ಯಾವುದಕ್ಕೂ ಹಿಂಜರಿಯದ ನಾನು, ಅವರ ಮನೆಯ ಒಲೆಯಲ್ಲಿ ಬೆಂದದ್ದನ್ನು ಕಂಡು ಹೆದರಿಬಿಟ್ಟೆ. ಯಾರೂ ನೋಡುತ್ತಿರಲಿಲ್ಲ. ಆದರೂ ಹೆದರಿದೆ.

"ಇವತ್ತು ಏಕಾದಶಿ, ಅಮ್ಮ," ಎಂದುಬಿಟ್ಟೆ. "ನಾನು ಉಪವಾಸ."

ಬೈರಣ್ಣ ತಲೆ ಎತ್ತಿ ನನ್ನನ್ನೇ ನೋಡಿದ. ಎರಡು ಬುರುಡೆ ಹೆಂಡವನ್ನು ಅವನೇ ಕುಡಿಸಿದ್ದ. ಆಮೇಲೆ ತನ್ನ ಎಲೆಯ ಕಡೆ ತಿರುಗಿ, "ಹೌದವ್ವ, ನಾನೇ ಮರ್ತಿದ್ದೆ," ಅಂದ.

ಸೊಣ್ಣಮ್ಮ ನನ್ನ ಪಕ್ಕದಲ್ಲೇ ಬಗ್ಗಿ ನಿಂತಿದ್ದರು. ನನ್ನ ಬಾಯಿಯ ವಾಸನೆ ಅವರ ಮೂಗಿಗೆ ಬಡಿಯದೆ ಇದ್ದೀತೆ? "ದೇವ್ರ ವಿಸ್ಯ. ಬಲವಂತ ಬ್ಯಾಡ," ಎಂದು ಎಲೆಯನ್ನು ತಾವೇ ಎತ್ತಿಕೊಂಡು ಹೋಗಿ, ಎರಡು ಬಾಳೆಹಣ್ಣು ತಂದಿಟ್ಟರು.

ಸೋಮವಾರ ಡಬ್ಬಿ ಬಿಚ್ಚಿ ಪುಳಿಯೋಗರೆ ಮುಂದಕ್ಕೆ ತಳ್ಳಿದೆ. "ಹೊಟ್ಟೆ ತುಂಬಿದೆ, ನೀವು ತಿನ್ನಿ," ಅಂದ ಬೈರಣ್ಣ. ಜಗಳವಿಲ್ಲ, ಮುನಿಸಿಲ್ಲ. ಅವತ್ತಿನಿಂದ ನಾನು ಅವನ ಬಾಯಲ್ಲಿ 'ನೀವು' ಆದೆ.

ಐದು ವರ್ಷದ ಮೇಲೆ ಸೊಣ್ಣಮ್ಮ ತೀರಿಕೊಂಡರು. ಅವರ ತಿಥಿಯ ದಿನ ನಾನು ಯಾರೂ ಕರೆಯದೆ ಗೊಟ್ಟಿಗೆರೆಗೆ ಹೋದೆ. ಈ ಸಲ ಉಂಡೇ ತೀರುತ್ತೇನೆ, ಆ ತಾಯಿಯ ಹೆಸರಿನಲ್ಲಾದರೂ ಉಣ್ಣುತ್ತೇನೆ ಎಂದು ದಾರಿಯುದ್ದಕ್ಕೂ ನಿಶ್ಚಯ ಮಾಡಿಕೊಂಡೇ ಹೋಗಿ ಪಂಕ್ತಿಯಲ್ಲಿ ಕೂತೆ. ಮುದ್ದೆಯ ಪಾತ್ರೆ ಬರುವ ಮೊದಲೇ ಬೈರಣ್ಣ ಬಂದು ನನ್ನ ಎಲೆಯ ಮೇಲೆ ಎರಡು ಬಾಳೆಹಣ್ಣು ಇಟ್ಟ.

"ಅವ್ವ ಜೀವಮಾನದಲ್ಲಿ ಒಂದ್ ಏಕಾದಶಿ ಬಿಟ್ಟೋಳಲ್ಲ," ಅಂದ ಮೆಲ್ಲಗೆ. "ನೀವು ಉಪವಾಸ ಅಂದ್ರಲ್ಲ, ಅವತ್ತಿಗೆ ಏಕಾದಶಿ ಆಗಿ ಮೂರು ದಿನ ಆಗಿತ್ತು. ನೀವು ಯಾವಾಗಾದ್ರೂ ಬಂದ್ರೆ ಮೊದ್ಲೇ ಹಣ್ಣು ಕೊಟ್ಬಿಡು, ಸುಳ್ಳು ಹೇಳೋ ಕಷ್ಟ ನಿಮ್ಗ್ಯಾಕೆ ಅಂತ ಹೇಳಿದ್ಲು."

ಮುದ್ದೆ ಬಡಿಸುವವನು ನನ್ನ ಎಲೆಯಲ್ಲಿ ಹಣ್ಣು ನೋಡಿ ಮುಂದಕ್ಕೆ ಹೋದ. ನನಗೂ ಬಡಿಸಪ್ಪ ಎಂದು ಕೇಳಬೇಕಿತ್ತು. ಅವನು ಪಂಕ್ತಿಯ ಕೊನೆ ಮುಟ್ಟುವವರೆಗೂ ಕೇಳುವುದಕ್ಕೆ ಸಮಯವಿತ್ತು. ನಾನು ತಲೆ ತಗ್ಗಿಸಿಕೊಂಡು ಹಣ್ಣು ಸುಲಿದು ತಿಂದೆ.