ರಾಜಮಾತೆಯ ಪಾತ್ರ

ಜಗಳೂರಿನ ಶಿವಲೀಲಾ ಚಕ್ರವರ್ತಿನಿ ಚಂದ್ರಲಾಂಬೆಯ ಪಾತ್ರ ಮಾಡುತ್ತಾಳೆಂದರೆ ಸುತ್ತಲ ಹಳ್ಳಿಗಳ ಜನ ಟ್ರ್ಯಾಕ್ಟರ್ ಕಟ್ಟಿಕೊಂಡು ಬರುತ್ತಿದ್ದರು. ನಾಟಕದಲ್ಲಿ ಚಕ್ರವರ್ತಿ ಯುದ್ಧದಲ್ಲಿ ಮಡಿದಾಗ ಮಗ ಇನ್ನೂ ತೊಟ್ಟಿಲಲ್ಲಿ. ಸೇನಾಪತಿಗಳು ಸಿಂಹಾಸನಕ್ಕೆ ಹೊಂಚು ಹಾಕುತ್ತಾರೆ. ಚಂದ್ರಲಾಂಬೆ ಸೊಂಟಕ್ಕೆ ಕತ್ತಿ ಕಟ್ಟಿ, ದಂಗೆ ಅಡಗಿಸಿ, ಕೆರೆಕಟ್ಟೆ ಕಟ್ಟಿಸಿ ಮಗನ ಹೆಸರಿನಲ್ಲಿ ರಾಜ್ಯ ಆಳುತ್ತಾಳೆ. ಅವನು ಪ್ರಾಯಕ್ಕೆ ಬಂದ ದಿನ ಕಿರೀಟವನ್ನು ಅವನ ತಲೆಗಿಟ್ಟು ಮೆಟ್ಟಿಲಿಳಿಯುತ್ತಾಳೆ. "ನಾನು ಆಳಲಿಲ್ಲ ಮಗನೇ, ನಿನ್ನದನ್ನು ಕಾಯ್ದೆ" ಎಂಬ ಮಾತಿಗೆ ಗಂಡಸರೂ ಕಣ್ಣೊರೆಸಿಕೊಳ್ಳುತ್ತಿದ್ದರು.

ಆ ಮಾತು ಬಂದಾಗಲೆಲ್ಲ ಶಿವಲೀಲಾಳಿಗೆ ಹೊನ್ನಾಳಿ ನೆನಪಾಗುತ್ತಿತ್ತು. ಗಂಡ ತೀರಿಕೊಂಡಾಗ ಮಗಳು ಅಕ್ಷಿತಾ ಎದೆಹಾಲು ಬಿಟ್ಟಿರಲಿಲ್ಲ. ಊರೂರು ತಿರುಗುವ ನಾಟಕದ ಬದುಕಿನಲ್ಲಿ ಕೂಸು ಸಾಕಲಾಗದೆ, ಹೊನ್ನಾಳಿಯಲ್ಲಿದ್ದ ಗಂಡನ ಅತ್ತಿಗೆ ಸುನೀತಾಳ ಮಡಿಲಿಗೆ ಹಾಕಿದ್ದಳು. ಅಲ್ಲೇ ಬೆಳೆದ ಹುಡುಗಿ ಸುನೀತಾಳನ್ನು ಅವ್ವ ಅಂದಳು, ಹೆತ್ತವಳನ್ನು ಚಿಕ್ಕಮ್ಮ ಅಂದಳು. ಶಿವಲೀಲಾ ಹಬ್ಬಕ್ಕೊಮ್ಮೆ ಬಳೆ, ಬಟ್ಟೆ ಹಿಡಿದು ಹೋಗಿ, ಮಗಳು ಊಟ ಮಾಡುವುದನ್ನು ಕಣ್ತುಂಬ ನೋಡಿ ಬಸ್ಸು ಹತ್ತುತ್ತಿದ್ದಳು.

ಈ ವರ್ಷ ಸವಳಂಗದಲ್ಲಿ ನಾಟಕ. ಹೊತ್ತು ಮುಳುಗುವ ಮುಂಚೆ ಶಾಲೆಯ ಕೋಣೆಯಲ್ಲಿ ಅವಳು ಬಣ್ಣ ಹಚ್ಚಿಕೊಳ್ಳುತ್ತಿದ್ದಾಗ ಸುನೀತಾ ಅಕ್ಷಿತಾಳನ್ನು ಕರೆದುಕೊಂಡು ಒಳಬಂದಳು. ಹುಡುಗಿಗೆ ನ್ಯಾಮತಿಯ ಗಂಡು ಗೊತ್ತಾಗಿತ್ತು.

"ಬಾ ಅಕ್ಕ, ಕುಂತ್ಕ."

ಸುನೀತಾ ಕೂರಲಿಲ್ಲ. "ಹೋದ್ ವರ್ಷ ತ್ಯಾವಣಿಗೆಯಾಗೆ ನಿನ್ ನಾಟ್ಕ ನೋಡ್ದಾಗಿಂದ ಮನ್ಸಿಗೆ ನೆಮ್ಮದಿ ಇಲ್ಲ ಕಣೆ. ನಾನೂ ನಿನ್ನದನ್ನ ಕಾಯ್ದೋಳೇ ಅಲ್ವಾ? ಇವಳ ಮದುವೇಲಿ ತಾಯಿ ಜಾಗದಾಗೆ ನೀನೇ ಕುಂತ್ಕಬೇಕು."

ಶಿವಲೀಲಾ ಮಗಳ ಮುಖ ನೋಡಿದಳು.

"ನಂಗೆ ಚಿಕ್ಕಂದಿನಿಂದ್ಲೇ ಗೊತ್ತೈತೆ," ಅಕ್ಷಿತಾ ತಲೆ ತಗ್ಗಿಸಿದಳು. "ನಿನ್ನ ಅವ್ವ ಅಂತ ಕರೆಯಾಕೆ ಬಾಯಿ ಬರ್ಲಿಲ್ಲ. ಈಗ್ಲೂ ಬರ್ತಿಲ್ಲ." ಅವಳ ಬೆರಳು ಸುನೀತಾಳ ಸೆರಗನ್ನು ಬಿಟ್ಟಿರಲಿಲ್ಲ.

ಇಷ್ಟು ವರ್ಷ ಹಂಬಲಿಸಿದ ಜಾಗ ತಾನಾಗಿ ಎದುರಿಗೆ ಬಂದಿತ್ತು. ಹೂಂ ಅಂದರೆ ಸಾಕಿತ್ತು. ಶಿವಲೀಲಾ ಆ ಬೆರಳುಗಳನ್ನೇ ನೋಡುತ್ತ ಕೂತಳು.

"ಅಲ್ಲಿ ನೀನೇ ಕುಂತ್ಕ ಅಕ್ಕ," ಎಂದಳು ಕೊನೆಗೆ. "ಜ್ವರ ಬಂದಾಗ ಎತ್ತಿಕೊಂಡು ತಿರುಗಿದೋಳು ನೀನು. ನಂಗೆ ಒಂದೇ ಆಸೆ. ಮದುವೆಗೆ ಮುಂಚೆ ನಾಕು ದಿನ ಇವಳನ್ನ ನನ್ನ ಮನೆಗೆ ಕಳ್ಸಿಕೊಡು. ತಲೆಗೆ ಎಣ್ಣೆ ಹಚ್ಚಿ ಎರೀತೀನಿ."

ಸುನೀತಾ ಅಲ್ಲೇ ಬೆಂಚಿನ ಮೇಲೆ ಕುಸಿದು ಅತ್ತುಬಿಟ್ಟಳು. ಅಕ್ಷಿತಾ ಅವಳ ಬೆನ್ನು ಸವರುತ್ತ ಶಿವಲೀಲಾಳ ಕಡೆ ತಿರುಗಿದಳು. "ನಾಳೇನೇ ಬರ್ಲಾ?"

ಮರುದಿನ ಶಿವಲೀಲಾ, ಅಕ್ಷಿತಾ ಇಬ್ಬರೂ ಜಗಳೂರಿನ ಕಡೆಯ ಬಸ್ಸು ಹತ್ತಿದರು. ಚನ್ನಗಿರಿ ದಾಟುವಷ್ಟರಲ್ಲಿ ಹುಡುಗಿ ಶಿವಲೀಲಾಳ ಭುಜಕ್ಕೊರಗಿ ನಿದ್ದೆಹೋದಳು. ಸಂತೇಬೆನ್ನೂರಿನ ಹತ್ತಿರ ಬಸ್ಸು ಗುಂಡಿಗೆ ಬಿದ್ದು ಕುಲುಕಿದಾಗ ನಿದ್ದೆಗಣ್ಣಲ್ಲೇ "ಅವ್ವಾ" ಅಂದಳು.

ಯಾರನ್ನು ಕರೆದಳೋ ಏನೋ. ಶಿವಲೀಲಾ ಮೆಲ್ಲಗೆ "ಹೂಂ" ಅಂದಳು.